ಹೆದ್ದಾರಿಗೆ ಹೋಗುವ ಜಮೀನು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ರಸ್ತೆ ಅಗಲೀಕರಣಕ್ಕೆ ಜಮೀನು, ಮನೆ, ಅಂಗಡಿ ಕಳೆದುಕೊಳ್ಳುತ್ತಿರುವವರದ್ದು. ಪತ್ರ ಬರೆದವರ ಹೆಸರು ಮತ್ತು ಊರನ್ನು ಬಿಟ್ಟು, ಒಂದೇ ಬಗೆಯ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಉತ್ತರಿಸಿದ್ದೇನೆ. ಭೂಸ್ವಾಧೀನ ಕಚೇರಿಯಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ ಮೊದಲೇ ಹೇಳಬೇಕೆನಿಸುವ ಮಾತು ಒಂದಿದೆ. ಪರಿಹಾರದ ಹಣ ಎಷ್ಟೆಂಬುದು ನಿಜವಾಗಿ ತೀರ್ಮಾನವಾಗುವುದು ಐತೀರ್ಪು, ಅಂದರೆ ಪರಿಹಾರದ ಮೊತ್ತವನ್ನು ನಿಗದಿ ಮಾಡುವ ಅಧಿಕಾರಿಯ ಆದೇಶ, ಹೊರಡುವ ದಿನವಲ್ಲ. ಅದಕ್ಕೂ ಬಹಳ ಮೊದಲು, ಅಳತೆಯವರು ತೋಟಕ್ಕೆ ಬಂದ ದಿನ ಮತ್ತು ಆಕ್ಷೇಪಣೆಯ ಅವಧಿ ಸದ್ದಿಲ್ಲದೆ ಕಳೆದುಹೋಗುವ ವಾರಗಳಲ್ಲಿ ಅದರ ಹೆಚ್ಚಿನ ಪಾಲು ತೀರ್ಮಾನವಾಗಿರುತ್ತದೆ.

ಪ್ರಶ್ನೆ: ನಮ್ಮದು ತೆಂಗು, ಅಡಿಕೆ ಇರುವ ಎರಡು ಎಕರೆ ಹದಿನಾಲ್ಕು ಗುಂಟೆ ತೋಟ. ಮುಂದಿನ ರಾಷ್ಟ್ರೀಯ ಹೆದ್ದಾರಿಯನ್ನು ನಾಲ್ಕು ಪಥ ಮಾಡುತ್ತಾರೆ ಎನ್ನುತ್ತಾರೆ. ಮನೆಗೆ ಯಾವ ನೋಟಿಸೂ ಬಂದಿಲ್ಲ, ಆದರೆ ಪತ್ರಿಕೆಯಲ್ಲಿ ನಮ್ಮ ಸರ್ವೆ ನಂಬರ್ ಬಂದಿದೆ ಎಂದು ಪಕ್ಕದ ಊರಿನವರು ಹೇಳಿದರು. ನೋಟಿಸ್ ಕೊಡದೆ ಜಮೀನು ತೆಗೆದುಕೊಳ್ಳಲು ಸಾಧ್ಯವೇ? ಶೇ 70ರಷ್ಟು ರೈತರ ಒಪ್ಪಿಗೆ ಇಲ್ಲದೆ ಕೆಲಸ ಮಾಡುವಂತಿಲ್ಲ ಎಂಬುದು ನಿಜವೇ?

ಉತ್ತರ: ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಅಡಿಯಲ್ಲಿ. ಆ ಕಾಯ್ದೆಯ 3ಎ ಕಲಮಿನಂತೆ ಸರ್ಕಾರವು ತನ್ನ ಉದ್ದೇಶವನ್ನು ರಾಜಪತ್ರದಲ್ಲಿ ಪ್ರಕಟಿಸಬೇಕು, ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರುವಂತೆ, ಪ್ರಕಟಿಸಬೇಕು. ಮನೆ ಬಾಗಿಲಿಗೆ ನೋಟಿಸ್ ತಲುಪಿಸಬೇಕೆಂದು ಈ ಹಂತದಲ್ಲಿ ಕಾನೂನು ಹೇಳುವುದಿಲ್ಲ. ಆದ್ದರಿಂದ ನೋಟಿಸ್ ಬರಲಿ ಎಂದು ಕಾಯುತ್ತಾ ಕುಳಿತವರ ಅವಧಿ ಅವರಿಗೆ ಗೊತ್ತಿಲ್ಲದೆಯೇ ಮುಗಿದುಹೋಗುತ್ತದೆ. ಇದು ಸರಿಯಾದ ಪದ್ಧತಿಯೆಂದು ನಾನು ಎಂದೂ ಒಪ್ಪಿಕೊಂಡಿಲ್ಲ. ಊರಿನಲ್ಲಿ ಆ ಪತ್ರಿಕೆ ಬರುವ ಮನೆಗಳೇ ನಾಲ್ಕೋ ಐದೋ ಇರುವಾಗ, ಒಳಪುಟದ ಸಣ್ಣ ಅಕ್ಷರದ ಪಟ್ಟಿಯನ್ನು ರೈತನಿಗೆ ತಿಳಿಸಿದಂತೆಯೇ ಎಂದು ಭಾವಿಸುವುದು ನ್ಯಾಯವಲ್ಲ. ಆದರೂ ಇಂದಿನ ಕಾನೂನು ಹಾಗೆಯೇ ಇದೆ.

ಆಕ್ಷೇಪಣೆ ಸಲ್ಲಿಸಲು ಇರುವುದು 21 ದಿನ. ಅದನ್ನು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ನಿಮ್ಮ ಭಾಗದ ವಿಶೇಷ ಭೂಸ್ವಾಧೀನಾಧಿಕಾರಿಗೆ, ಲಿಖಿತವಾಗಿ ಕೊಡಬೇಕು, ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಅಧಿಕಾರಿಯು ನಿಮ್ಮನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಕೇಳಿಸಿಕೊಂಡೇ ಆದೇಶ ಮಾಡಬೇಕು. "ನಮಗೆ ರಸ್ತೆ ಬೇಡ" ಎಂಬ ಒಂದೇ ಸಾಲಿನ ಆಕ್ಷೇಪಣೆ ತಿರಸ್ಕೃತವಾಗುವುದು ಬಹುತೇಕ ಖಚಿತ. ವಿಸ್ತೀರ್ಣ ತಪ್ಪಾಗಿದೆ, ಹಳೆಯ ರಸ್ತೆಯ ಒಂದೇ ಬದಿಗೆ ಪೂರ್ತಿ ಅಗಲವನ್ನು ಹೇರಲಾಗಿದೆ, ಕೆರೆಗೆ ನೀರು ಬರುವ ಕಾಲುವೆ ಮುಚ್ಚುತ್ತದೆ, ದನಕರು ಮತ್ತು ಟ್ರ್ಯಾಕ್ಟರ್ ದಾಟಲು ಕೆಳಸೇತುವೆ ತೋರಿಸಿಲ್ಲ ಎಂಬಂತಹ ನಿರ್ದಿಷ್ಟ ಆಕ್ಷೇಪಣೆಗಳನ್ನು ನಕ್ಷೆಯ ಸಮೇತ ಕೊಟ್ಟಾಗ ಬದಲಾವಣೆಗಳು ಆದದ್ದನ್ನು ನಾನು ಕಂಡಿದ್ದೇನೆ.

ಶೇ 70ರ ಒಪ್ಪಿಗೆಯ ಮಾತು 2013ರ ಭೂಸ್ವಾಧೀನ ಕಾಯ್ದೆಯಲ್ಲಿದೆ, ಅದೂ ಸರ್ಕಾರ ಮತ್ತು ಖಾಸಗಿಯವರ ಸಹಭಾಗಿತ್ವದ ಯೋಜನೆಗಳಿಗೆ. ಹೆದ್ದಾರಿ ಕಾಯ್ದೆಯ ಅಡಿಯ ಸ್ವಾಧೀನಕ್ಕೆ ಆ ಷರತ್ತು ಅನ್ವಯಿಸುವುದಿಲ್ಲ, ಸಾಮಾಜಿಕ ಪರಿಣಾಮದ ಅಧ್ಯಯನವೂ ಅನ್ವಯಿಸುವುದಿಲ್ಲ. ಅನ್ವಯಿಸುವುದು ಪರಿಹಾರ ಮತ್ತು ಪುನರ್ವಸತಿಯ ಭಾಗ ಮಾತ್ರ, 2015ರ ಜನವರಿ 1ರಿಂದ. ಅದರ ವಿವರ ಮುಂದಿನ ಉತ್ತರಗಳಲ್ಲಿದೆ.

ಆಕ್ಷೇಪಣೆಗಳು ಇತ್ಯರ್ಥವಾದ ಮೇಲೆ 3ಡಿ ಘೋಷಣೆ ಹೊರಡುತ್ತದೆ. 3ಎ ಅಧಿಸೂಚನೆ ಪ್ರಕಟವಾಗಿ ಒಂದು ವರ್ಷದೊಳಗೆ ಇದು ಹೊರಡದಿದ್ದರೆ ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ. ನ್ಯಾಯಾಲಯದ ತಡೆಯಾಜ್ಞೆ ಇದ್ದ ಕಾಲವನ್ನು ಈ ವರ್ಷದ ಲೆಕ್ಕಕ್ಕೆ ಹಿಡಿಯುವುದಿಲ್ಲ. 3ಡಿ ಪ್ರಕಟವಾದ ಕ್ಷಣದಿಂದ ಜಮೀನು, ಹಣ ಇನ್ನೂ ಕೈಗೆ ಬಾರದಿದ್ದರೂ, ಕೇಂದ್ರ ಸರ್ಕಾರದ್ದಾಗುತ್ತದೆ. ಆದರೆ ಮಾಲೀಕತ್ವ ಬೇರೆ, ಸ್ವಾಧೀನ ಬೇರೆ. ಪರಿಹಾರದ ಮೊತ್ತವನ್ನು ಪ್ರಾಧಿಕಾರದ ಬಳಿ ಠೇವಣಿ ಇಟ್ಟ ನಂತರ, ಲಿಖಿತ ನೋಟಿಸ್ ಕೊಟ್ಟು, 60 ದಿನಗಳ ಕಾಲಾವಕಾಶ ನೀಡಿದ ಮೇಲೆಯೇ ಜಾಗ ಬಿಟ್ಟುಕೊಡುವಂತೆ ಕೇಳಬಹುದು. ಅದಕ್ಕೆ ಮೊದಲು ಜೆಸಿಬಿ ತಂದು ಬೇಲಿ ಕಿತ್ತರೆ ಅದು ಕಾನೂನಿಗೆ ವಿರುದ್ಧ. ಅಂಥ ಸಂದರ್ಭದಲ್ಲಿ ಫೋಟೋ ತೆಗೆದು, ಅದೇ ದಿನ ಲಿಖಿತ ದೂರು ಕೊಡಿ.

ಪ್ರಶ್ನೆ: ಮುಂದಿನ ವಾರ ಜಂಟಿ ಅಳತೆಗೆ ಬರುವುದಾಗಿ ತಿಳಿಸಿದ್ದಾರೆ. ಆ ದಿನ ನಾವು ಏನು ಮಾಡಬೇಕು? ಮಗ ಬೆಂಗಳೂರಿನಲ್ಲಿದ್ದಾನೆ, ಅವನು ರಜೆ ಹಾಕಿ ಬರುವ ಅಗತ್ಯವಿದೆಯೇ?

ಉತ್ತರ: ಖಂಡಿತ ಬರಲಿ. ಇಡೀ ಪ್ರಕ್ರಿಯೆಯಲ್ಲಿ ಜಮೀನಿನವರು ತಪ್ಪದೆ ಸ್ಥಳದಲ್ಲಿರಬೇಕಾದ ಒಂದು ದಿನವೆಂದರೆ ಇದೇ.

ಒಂದು ಘಟನೆ ಹೇಳುತ್ತೇನೆ. ನಾನು ಕೆಲಸದಲ್ಲಿದ್ದಾಗ ಒಂದು ತೆಂಗಿನ ತೋಟದ ಅಳತೆ ಪಟ್ಟಿ ಮೇಜಿಗೆ ಬಂತು. ಪಟ್ಟಿಯಲ್ಲಿ 31 ಮರಗಳಿದ್ದವು. ತೋಟದ ಒಡತಿ, ಎಪ್ಪತ್ತು ದಾಟಿದ ಹೆಂಗಸು, ಕಚೇರಿಯ ಬಾಗಿಲಲ್ಲಿ ನಿಂತು "ಮೂವತ್ತನಾಲ್ಕು ಇವೆ, ನೆಟ್ಟವಳು ನಾನು" ಎಂದರು. ಮರುದಿನ ಹೋಗಿ ನೋಡಿದೆವು. ಎಣಿಸಿದ ಪ್ರತಿ ಮರದ ಮೇಲೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿತ್ತು. ಬೇಲಿಯಂಚಿನಲ್ಲಿ ಒಣಗರಿ ರಾಶಿ ಹಾಕಿದ್ದ ಕಡೆ ಮೂರು ಮರಗಳ ಮೇಲೆ ಮಾತ್ರ ಸಂಖ್ಯೆ ಇರಲಿಲ್ಲ. ಎಣಿಸಿದವರು ರಾಶಿಯನ್ನು ಸುತ್ತಿಕೊಂಡು ಮುಂದೆ ಹೋಗಿದ್ದರು, ಅಷ್ಟೇ. ಅದೇ ತೋಟದಲ್ಲಿ ಚಪ್ಪಡಿ ಮುಚ್ಚಿದ್ದ ಕೊಳವೆಬಾವಿಯೂ ಪಟ್ಟಿಯಲ್ಲಿ ಇರಲಿಲ್ಲ. ಯಾರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ಆದರೆ ಆ ಒಡತಿ ಬಂದು ಹೇಳದೆ ಹೋಗಿದ್ದರೆ ಮೂರು ಮರ ಮತ್ತು ಒಂದು ಕೊಳವೆಬಾವಿಯ ಹಣ ಅವರಿಗೆ ಎಂದೆಂದಿಗೂ ಸಿಗುತ್ತಿರಲಿಲ್ಲ.

ಆದ್ದರಿಂದ ಅಳತೆಗೆ ಮೊದಲೇ ಗರಿ, ಸೋಗೆ, ಗಿಡಗಂಟಿ ತೆಗೆಸಿ ಜಾಗ ತೆರವು ಮಾಡಿ. ಮರಗಳನ್ನು ಜಾತಿ ಮತ್ತು ವಯಸ್ಸಿನ ಪ್ರಕಾರ ನೀವೇ ಎಣಿಸಿ ಬರೆದಿಟ್ಟುಕೊಳ್ಳಿ, ಏಕೆಂದರೆ ಫಲ ಕೊಡುವ ಮರಕ್ಕೂ ಎಳೆಯ ಸಸಿಗೂ ಬೆಲೆ ಬೇರೆ. ಬಾವಿ, ಕೊಳವೆಬಾವಿ, ಪಂಪ್ ಮನೆ, ನೆಲದೊಳಗಿನ ಪೈಪು, ಹನಿ ನೀರಾವರಿಯ ಸಾಲು, ಕಲ್ಲಿನ ಕಾಂಪೌಂಡು, ದನದ ಕೊಟ್ಟಿಗೆ, ಗೊಬ್ಬರದ ಗುಂಡಿ ಇವೆಲ್ಲವನ್ನೂ ತೋರಿಸಿ ಬರೆಸಬೇಕು. ಕಟ್ಟಡಕ್ಕೆ ಲೋಕೋಪಯೋಗಿ ಇಲಾಖೆ, ಹಣ್ಣು ಮತ್ತು ತೋಟದ ಬೆಳೆಗಳಿಗೆ ತೋಟಗಾರಿಕೆ ಇಲಾಖೆ, ಕಾಡುಮರಗಳಿಗೆ ಅರಣ್ಯ ಇಲಾಖೆ ಬೆಲೆ ಕಟ್ಟುವುದು ವಾಡಿಕೆ. ಅವರು ಬೆಲೆ ಕಟ್ಟುವುದು ಪಟ್ಟಿಯಲ್ಲಿ ಇರುವುದಕ್ಕೆ ಮಾತ್ರ. ಪಟ್ಟಿ ತಪ್ಪಿದ್ದರೆ ಸುಮ್ಮನೆ ಸಹಿ ಹಾಕಬೇಡಿ, ಸಹಿ ನಿರಾಕರಿಸಿ ಎದ್ದು ಹೋಗಲೂ ಬೇಡಿ. "ಈ ಕೆಳಗಿನವು ಬಿಟ್ಟುಹೋಗಿವೆ" ಎಂದು ನಿಮ್ಮ ಕೈಯಿಂದಲೇ ಬರೆದು, ಅದರ ಕೆಳಗೆ ಸಹಿ ಮಾಡಿ, ಪ್ರತಿಯನ್ನು ಕೇಳಿ ಪಡೆಯಿರಿ.

ಇದರ ಜೊತೆಗೆ ಪಹಣಿ ಮತ್ತು ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ವಿಸ್ತೀರ್ಣ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಪೋಡಿಯಾಗದ, ಅಂದರೆ ಪಾಲುಗಳನ್ನು ಅಳೆದು ಬೇರ್ಪಡಿಸದ, ಸರ್ವೆ ನಂಬರಿನಲ್ಲಿ ಐದಾರು ಜನರ ಹೆಸರು ಒಟ್ಟಿಗೆ ಇದ್ದರೆ ರಸ್ತೆಯಂಚಿನ ಗುಂಟೆಗಳು ಯಾರ ಪಾಲಿನವು ಎಂಬ ಜಗಳ ಪರಿಹಾರದ ದಿನವೇ ಹುಟ್ಟುತ್ತದೆ. ಹಾಗೆಯೇ ರಸ್ತೆಗೋ ಹಳ್ಳಕ್ಕೋ ಸೇರಿದ ಬಿ ಖರಾಬಿಗೆ ಖಾತೆದಾರರಿಗೆ ಪರಿಹಾರ ಬರುವುದಿಲ್ಲ. ನಿಮ್ಮ ಖುಷ್ಕಿ ಜಮೀನನ್ನು ತಪ್ಪಾಗಿ ಖರಾಬು ಎಂದು ತೋರಿಸಿದ್ದರೆ ಈಗಲೇ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ಕಾರಿ ಅಳತೆಗೆ, ಅರ್ಜಿ ಹಾಕಿ.

ಪ್ರಶ್ನೆ: ನಮ್ಮ ಊರಿನಲ್ಲಿ ಎಕರೆಗೆ ಅರುವತ್ತು ಲಕ್ಷ ಹೇಳುತ್ತಾರೆ, ನೋಂದಣಿ ಕಚೇರಿಯ ದರ ಅದರ ಮೂರರಲ್ಲಿ ಒಂದು ಭಾಗವೂ ಇಲ್ಲ. ನಾಲ್ಕು ಪಟ್ಟು ಕೊಡುತ್ತಾರೆ ಎಂದು ಕೆಲವರು, ಎರಡು ಪಟ್ಟು ಎಂದು ಕೆಲವರು ಹೇಳುತ್ತಾರೆ. ಲೆಕ್ಕ ಹೇಗೆ?

ಉತ್ತರ: ಮೊದಲು ಮಾರುಕಟ್ಟೆ ಬೆಲೆಯನ್ನು ಗೊತ್ತುಮಾಡುತ್ತಾರೆ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಒಂದು ಕಡೆ. ಅದೇ ಊರು ಅಥವಾ ಹತ್ತಿರದ ಊರಿನಲ್ಲಿ ಹಿಂದಿನ ಮೂರು ವರ್ಷ ನೋಂದಣಿಯಾದ ಇಂತಹುದೇ ಜಮೀನಿನ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳನ್ನು ಮಾತ್ರ ಆರಿಸಿ ತೆಗೆದ ಸರಾಸರಿ ಇನ್ನೊಂದು ಕಡೆ. ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು. ಬೆಲೆ ನೋಡಬೇಕಾದ ದಿನಾಂಕ 3ಎ ಅಧಿಸೂಚನೆಯದು, ಐತೀರ್ಪಿನದಲ್ಲ.

ಗ್ರಾಮಾಂತರ ಪ್ರದೇಶದಲ್ಲಿ ಈ ಬೆಲೆಯನ್ನು 1ರಿಂದ 2ರವರೆಗಿನ ಒಂದು ಗುಣಕದಿಂದ ಹೆಚ್ಚಿಸುತ್ತಾರೆ. ಪಟ್ಟಣದಿಂದ ಎಷ್ಟು ದೂರ ಎಂಬುದರ ಮೇಲೆ ರಾಜ್ಯ ಸರ್ಕಾರ ಗುಣಕವನ್ನು ನಿಗದಿ ಮಾಡಿರುತ್ತದೆ. ಪಟ್ಟಣದ ಮಿತಿಯೊಳಗೆ ಗುಣಕ 1. ಹೀಗೆ ಬಂದ ಮೊತ್ತಕ್ಕೆ ಮರ, ಬಾವಿ, ಕಟ್ಟಡಗಳ ಬೆಲೆಯನ್ನು ಕೂಡಿಸಿ, ಬಂದ ಒಟ್ಟು ಮೊತ್ತದಷ್ಟೇ ಇನ್ನೊಂದು ಮೊತ್ತವನ್ನು ಸಾಂತ್ವನ ಧನವಾಗಿ ಸೇರಿಸುತ್ತಾರೆ. ಇದಲ್ಲದೆ ಗುಣಕ ಸೇರದ ಮಾರುಕಟ್ಟೆ ಬೆಲೆಯ ಮೇಲೆ 3ಎ ದಿನಾಂಕದಿಂದ ಐತೀರ್ಪು ಅಥವಾ ಸ್ವಾಧೀನ, ಯಾವುದು ಮೊದಲೋ ಅಲ್ಲಿಯವರೆಗೆ, ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ ಮೊತ್ತವಿದೆ.

ಉದಾಹರಣೆಗೆ, ಎಕರೆಗೆ 20 ಲಕ್ಷ ಮಾರುಕಟ್ಟೆ ಬೆಲೆ ಗೊತ್ತಾಗಿದೆ, ನಿಮ್ಮ 10 ಗುಂಟೆ ಹೋಗುತ್ತಿದೆ, ಗುಣಕ 2 ಎಂದಿಟ್ಟುಕೊಳ್ಳಿ. ಹತ್ತು ಗುಂಟೆಗೆ 5 ಲಕ್ಷ, ಗುಣಕ ಸೇರಿ 10 ಲಕ್ಷ. ಮರ ಮತ್ತು ಬಾವಿಗೆ 3 ಲಕ್ಷವಾದರೆ 13 ಲಕ್ಷ. ಸಾಂತ್ವನ ಧನ ಸೇರಿ 26 ಲಕ್ಷ. ಐತೀರ್ಪಿಗೆ ಸರಿಯಾಗಿ ಒಂದು ವರ್ಷ ಹಿಡಿದಿದ್ದರೆ 5 ಲಕ್ಷದ ಮೇಲೆ ಶೇ 12, ಅಂದರೆ 60 ಸಾವಿರ. ಒಟ್ಟು 26 ಲಕ್ಷದ 60 ಸಾವಿರ. ನಾಲ್ಕು ಪಟ್ಟು ಎಂಬ ಮಾತು ಹುಟ್ಟಿದ್ದು ಗುಣಕ 2 ಇರುವ ಹಳ್ಳಿಗಳ ಈ ಲೆಕ್ಕದಿಂದ, ಎರಡು ಪಟ್ಟು ಎಂಬುದು ಗುಣಕ 1 ಇರುವ ಪಟ್ಟಣಗಳಿಂದ. ಇಬ್ಬರು ಹೇಳುವುದೂ ಸುಳ್ಳಲ್ಲ. ಗಮನಿಸಿ: ಮರ ಬಾವಿಗಳ ಮೂರು ಲಕ್ಷವೂ ಸಾಂತ್ವನ ಧನದಿಂದಾಗಿ ಆರು ಲಕ್ಷವಾಯಿತು. ಅಳತೆಯ ದಿನ ಬಿಟ್ಟುಹೋದ ಒಂದು ಮರ ಎರಡು ಮರದ ನಷ್ಟವಾಗುವುದು ಹೀಗೆ.

ಇನ್ನು ಊರಿನ ದರಕ್ಕೂ ಕಾಗದದ ದರಕ್ಕೂ ಇರುವ ಅಂತರ. ಮುದ್ರಾಂಕ ಶುಲ್ಕ ಉಳಿಸಲೆಂದು ಊರಿಗೆ ಊರೇ ವರ್ಷಾನುಗಟ್ಟಲೆ ಕಡಿಮೆ ಬೆಲೆ ಬರೆಸಿದ್ದರೆ ಅದರ ಪೆಟ್ಟು ಇಂದು ಮಾರದೆ ಉಳಿದವರ ಮೇಲೂ ಬೀಳುತ್ತದೆ. ನೋವಿನ ಸಂಗತಿ, ಆದರೆ ಅಧಿಕಾರಿ ಕಾಗದದಲ್ಲಿ ಇಲ್ಲದ ಬೆಲೆಯನ್ನು ಹಿಡಿಯುವಂತಿಲ್ಲ. ನೀವು ಮಾಡಬಹುದಾದದ್ದು ಇಷ್ಟು: ಹೆದ್ದಾರಿಗೆ ಹೊಂದಿಕೊಂಡ ಜಮೀನಿನ ಹೆಚ್ಚು ಬೆಲೆಯ ಕ್ರಯಪತ್ರಗಳ ದೃಢೀಕೃತ ಪ್ರತಿಗಳನ್ನು ಉಪನೋಂದಣಿ ಕಚೇರಿಯಿಂದ ಪಡೆದು, ಹಕ್ಕು ಕೋರಿಕೆ ಸಲ್ಲಿಸಲು 3ಜಿ ಕಲಮಿನಡಿ ಪ್ರಕಟಣೆ ಬಂದಾಗ ಅವನ್ನು ಲಗತ್ತಿಸಿ. ಸರ್ವೆ ಕಲ್ಲು ಕಂಡ ಮೇಲೆ ಬಂಧುಗಳ ನಡುವೆ ದುಬಾರಿ ಕ್ರಯಪತ್ರ ಮಾಡಿಕೊಳ್ಳುವ ಸಲಹೆಗೆ ಕಿವಿಗೊಡಬೇಡಿ. ನಿಜವಾದ ಬೆಲೆಯನ್ನು ತೋರಿಸದ ಪತ್ರವನ್ನು ಲೆಕ್ಕದಿಂದ ಕೈಬಿಡುವ ಅಧಿಕಾರ ಕಾನೂನಿನಲ್ಲೇ ಇದೆ, 3ಎ ದಿನಾಂಕದ ನಂತರದ ಪತ್ರ ಹೇಗೂ ಲೆಕ್ಕಕ್ಕೆ ಬರುವುದಿಲ್ಲ. ಆ ದಿನಾಂಕದ ನಂತರ ಮಾಡಿಸಿದ ಭೂಪರಿವರ್ತನೆಯಿಂದಲೂ ಲಾಭವಿಲ್ಲ.

ಪ್ರಶ್ನೆ: ಐತೀರ್ಪಿನ ಮೊತ್ತ ಬಹಳ ಕಡಿಮೆ. ಹಣ ತೆಗೆದುಕೊಂಡರೆ ಮುಂದೆ ಕೇಳುವ ಹಕ್ಕು ಹೋಗುತ್ತದೆ ಎಂದು ಹೆದರಿಸುತ್ತಾರೆ.

ಉತ್ತರ: ಹಣ ಪಡೆಯಿರಿ, ಆದರೆ "ಹೆಚ್ಚುವರಿ ಪರಿಹಾರ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡು, ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ" ಎಂದು ಬರೆದು ಸಹಿ ಮಾಡಿ. ನಂತರ ತಡಮಾಡದೆ ಕಾಯ್ದೆಯ 3ಜಿ(5) ಉಪಕಲಮಿನಂತೆ ಕೇಂದ್ರ ಸರ್ಕಾರ ನೇಮಿಸಿರುವ ಮಧ್ಯಸ್ಥಗಾರರಿಗೆ, ನಮ್ಮಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಗೆ, ಅರ್ಜಿ ಸಲ್ಲಿಸಿ. ಅವರು ಮೊತ್ತವನ್ನು ಹೆಚ್ಚಿಸಿದರೆ ಹೆಚ್ಚಿದ ಭಾಗಕ್ಕೆ ಸ್ವಾಧೀನದ ದಿನದಿಂದ ವರ್ಷಕ್ಕೆ ಶೇ 9ರ ಬಡ್ಡಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಅವರ ತೀರ್ಪೂ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು ಮೂರು ತಿಂಗಳ ಅವಧಿ, ತಕ್ಕ ಕಾರಣವಿದ್ದರೆ ಮತ್ತೆ 30 ದಿನ, ಅದರಾಚೆಗೆ ಒಂದು ದಿನವೂ ಇಲ್ಲ. ಆದರೆ ಅಲ್ಲಿ ನ್ಯಾಯಾಲಯದ ಅಧಿಕಾರ ಬಹಳ ಸೀಮಿತ. ಹೆದ್ದಾರಿ ಪರಿಹಾರದ ಪ್ರಕರಣವೊಂದರಲ್ಲೇ ಸುಪ್ರೀಂ ಕೋರ್ಟ್, ಮಧ್ಯಸ್ಥಗಾರರ ತೀರ್ಪನ್ನು ರದ್ದುಪಡಿಸಬಹುದೇ ಹೊರತು ನ್ಯಾಯಾಲಯ ತಾನೇ ಮೊತ್ತವನ್ನು ತಿದ್ದಿ ಬರೆಯುವಂತಿಲ್ಲ ಎಂದು 2021ರಲ್ಲಿ ಹೇಳಿತು. 2025ರಲ್ಲಿ ಸಂವಿಧಾನ ಪೀಠವು ಕೆಲವು ಸೀಮಿತ ಸಂದರ್ಭಗಳಲ್ಲಿ ಮಾತ್ರ ತಿದ್ದುಪಡಿಗೆ ದಾರಿ ತೆರೆದಿದೆ. ಆದ್ದರಿಂದ ಕ್ರಯಪತ್ರ, ಇಳುವರಿಯ ಲೆಕ್ಕ, ಫೋಟೋ, ಇಂಜಿನಿಯರ್ ವರದಿ ಎಲ್ಲವನ್ನೂ ಮಧ್ಯಸ್ಥಗಾರರ ಮುಂದೆಯೇ ಇಡಬೇಕು.

ಪ್ರಶ್ನೆ: ಹೆದ್ದಾರಿ ಬದಿಯಲ್ಲಿ ಬಾಡಿಗೆ ಮಳಿಗೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸೈಕಲ್ ಮತ್ತು ಪಂಪ್ ರಿಪೇರಿ ಮಾಡುತ್ತಿದ್ದೇನೆ. ಕಟ್ಟಡದ ಮುಂದಿನ ಅರ್ಧ ಹೋಗುತ್ತದೆ. ಮಾಲೀಕರಿಗೆ ಹಣ ಬರುತ್ತದೆ. ನನಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಗಲೀಕರಣದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡು ಎಲ್ಲರಿಗಿಂತ ಕಡಿಮೆ ಪಡೆಯುವವರು ನಿಮ್ಮಂಥವರು, ಏಕೆಂದರೆ ಪಹಣಿಯಲ್ಲಾಗಲೀ ಖಾತೆಯಲ್ಲಾಗಲೀ ನಿಮ್ಮ ಹೆಸರಿಲ್ಲ. ಆದರೆ ಕಾನೂನಿನಲ್ಲಿ ನಿಮಗೆ ಸ್ಥಾನವಿದೆ. ಪರಿಹಾರ ನಿಗದಿಗೆ ಮೊದಲು ಹೊರಡುವ 3ಜಿ ಪ್ರಕಟಣೆ ಮಾಲೀಕರನ್ನು ಮಾತ್ರವಲ್ಲ, ಆ ಜಾಗದಲ್ಲಿ ಹಿತಾಸಕ್ತಿ ಇರುವ ಎಲ್ಲರನ್ನೂ ಕರೆಯುತ್ತದೆ. ಸ್ವಾಧೀನದಿಂದ ಗಳಿಕೆಗೆ ಆಗುವ ಹಾನಿಯನ್ನೂ, ವ್ಯಾಪಾರದ ಸ್ಥಳವನ್ನು ಬದಲಾಯಿಸುವ ನ್ಯಾಯವಾದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದೇ ಕಲಮು ಹೇಳುತ್ತದೆ.

ಇದಲ್ಲದೆ 2013ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಪುನರ್ವಸತಿಯ ನೆರವುಗಳಿವೆ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲಿಯೇ ದುಡಿದು, ಅದೇ ಮುಖ್ಯ ಜೀವನಾಧಾರವಾಗಿದ್ದು ಅದಕ್ಕೆ ಧಕ್ಕೆಯಾಗುವ ಬಾಡಿಗೆದಾರ ಮತ್ತು ಕುಶಲಕರ್ಮಿ ಕುಟುಂಬಗಳು "ಬಾಧಿತ ಕುಟುಂಬ" ಎಂಬ ಅರ್ಥದೊಳಗೆ ಬರುತ್ತವೆ. ಸಣ್ಣ ವ್ಯಾಪಾರಿ, ಕುಶಲಕರ್ಮಿ, ಸ್ವಯಂ ಉದ್ಯೋಗಿಗೆ ಒಂದು ಸಲದ ನೆರವು ಕನಿಷ್ಠ 25,000 ರೂಪಾಯಿ. ಮನೆಯನ್ನೇ ತೊರೆಯಬೇಕಾದ ಕುಟುಂಬಕ್ಕೆ ಒಂದು ವರ್ಷ ತಿಂಗಳಿಗೆ 3,000 ಮತ್ತು ಸಾಗಣೆಗೆ 50,000 ರೂಪಾಯಿಯ ಅವಕಾಶವಿದೆ. ಇಪ್ಪತ್ತೆರಡು ವರ್ಷದ ಗಿರಾಕಿಗಳಿಗೆ ಇದು ಬೆಲೆಯೇ ಅಲ್ಲ ಎಂದು ನನಗೂ ಗೊತ್ತು. ಆದರೂ ಕೇಳದಿದ್ದರೆ ಇದೂ ಬರುವುದಿಲ್ಲ. ಬಾಡಿಗೆ ಕರಾರು, ಪಂಚಾಯಿತಿ ಅಥವಾ ಪುರಸಭೆಯ ಪರವಾನಗಿ, ವಿದ್ಯುತ್ ಬಿಲ್, ಬ್ಯಾಂಕ್ ಪಾಸ್‌ಪುಸ್ತಕ, ಅಂಗಡಿಯ ಮುಂದೆ ನಿಂತ ಹಳೆಯ ಫೋಟೋ ಸಹ, ನೀವು ಅಲ್ಲಿದ್ದಿರಿ ಎಂದು ತೋರಿಸುವ ಯಾವುದನ್ನೂ ಬಿಡಬೇಡಿ.

ಅರ್ಧ ಕಟ್ಟಡದ ಬಗ್ಗೆ ಮಾಲೀಕರಿಗೂ ಒಂದು ಮಾತು. ಮುಂದಿನ ಕಂಬಗಳನ್ನು ಕಡಿದರೆ ಹಿಂದಿನ ಭಾಗ ನಿಲ್ಲುತ್ತದೆಯೇ ಎಂಬುದಕ್ಕೆ ಅರ್ಹ ಇಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಪಡೆಯಿರಿ. ತುಂಡಾಗುವುದರಿಂದ ಉಳಿದ ಭಾಗಕ್ಕೆ ಆಗುವ ಹಾನಿಯೂ ಪರಿಹಾರದ ಭಾಗವೇ. ಆದರೆ ಅದನ್ನು ಬಾಯಿಮಾತಿನಲ್ಲಿ ಕೇಳಿದವರಿಗೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಇಪ್ಪತ್ತು ವರ್ಷಗಳ ಹಿಂದೆ ಊರಿಗೆ ರಸ್ತೆ ಬರಲಿ ಎಂದು ತಂದೆ ಸುಮ್ಮನಿದ್ದರು. ರಸ್ತೆ ಆಯಿತು, ಡಾಂಬರು ಬಿತ್ತು, ನೋಟಿಸೂ ಇಲ್ಲ, ಹಣವೂ ಇಲ್ಲ. ಈಗ ಅದೇ ರಸ್ತೆಯನ್ನು ಅಗಲ ಮಾಡಲು ಬಂದಿದ್ದಾರೆ. ಹಳೆಯದನ್ನು ಈಗ ಕೇಳಬಹುದೇ?

ಉತ್ತರ: ಕೇಳಬಹುದು. ಆಸ್ತಿಯ ಹಕ್ಕು 1978ರ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲವಾದರೂ, ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ 300ಎ ವಿಧಿ ಸಂವಿಧಾನದಲ್ಲಿದೆ. ಹಿಮಾಚಲ ಪ್ರದೇಶದಲ್ಲಿ ವಿದ್ಯಾದೇವಿ ಎಂಬ ಅನಕ್ಷರಸ್ಥ ವಿಧವೆಯ ಜಮೀನನ್ನು 1967–68ರಲ್ಲಿ ರಸ್ತೆಗೆಂದು ಯಾವ ಸ್ವಾಧೀನ ಪ್ರಕ್ರಿಯೆಯೂ ಇಲ್ಲದೆ ತೆಗೆದುಕೊಳ್ಳಲಾಗಿತ್ತು. ತಡವಾಗಿದೆ ಎಂದೂ, ಇಷ್ಟು ವರ್ಷದ ಅನುಭೋಗದಿಂದ ಜಮೀನು ತನ್ನದೇ ಆಗಿದೆ ಎಂದೂ ಸರ್ಕಾರ ವಾದಿಸಿತು. ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಎರಡೂ ವಾದಗಳನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಆಗ ಆಕೆಗೆ ಎಂಬತ್ತು ವರ್ಷ.

ನಮ್ಮ ರಾಜ್ಯದ ಪ್ರಕರಣವೂ ಇದೆ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಗೆ 2003ರಲ್ಲಿ ಅಧಿಸೂಚನೆಯಾಗಿ 2005ರಲ್ಲಿ ಸ್ವಾಧೀನವಾದ ನಿವೇಶನಗಳಿಗೆ ಐತೀರ್ಪು ಬಂದದ್ದು 2019ರಲ್ಲಿ. ಅಷ್ಟು ಹಿಂದಿನ ಬೆಲೆಯನ್ನು ಹಿಡಿದು ಪರಿಹಾರ ಕೊಡುವುದು ಅನ್ಯಾಯವೆಂದು ಹೇಳಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಹೊಸದಾಗಿ ನಿಗದಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿ 2ರಂದು ಆದೇಶಿಸಿತು. ನಿಮ್ಮ ತಂದೆ ದಾನಪತ್ರ ಅಥವಾ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದಾರೆಯೇ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಮೊದಲು ಖಚಿತಪಡಿಸಿಕೊಳ್ಳಿ. ಅಂತಹ ಪತ್ರ ಇಲ್ಲದಿದ್ದರೆ, ಈಗಿನ ಅಳತೆಯಲ್ಲಿ ಹಳೆಯ ರಸ್ತೆಯ ಭಾಗವನ್ನು "ಸರ್ಕಾರಿ ರಸ್ತೆ" ಎಂದು ತೋರಿಸುವುದಕ್ಕೆ ಲಿಖಿತ ಆಕ್ಷೇಪಣೆ ಕೊಟ್ಟು, ವಕೀಲರ ಮೂಲಕ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವುದನ್ನು ಯೋಚಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣಕ್ಕೆ ನಮ್ಮ ಮನೆಯ ಮುಂದಿನ ಎಂಟು ಅಡಿ ಹೋಗುತ್ತದೆ. ಹಣದ ಬದಲು ಟಿಡಿಆರ್ ಕೊಡುತ್ತಾರಂತೆ. ಒಪ್ಪಬಹುದೇ?

ಉತ್ತರ: ಟಿಡಿಆರ್ ಎಂದರೆ ಬಿಟ್ಟುಕೊಟ್ಟ ಜಾಗಕ್ಕೆ ಪ್ರತಿಯಾಗಿ ಬೇರೆಡೆ ಹೆಚ್ಚುವರಿ ಕಟ್ಟಡ ಕಟ್ಟಲು ಅಥವಾ ಆ ಹಕ್ಕನ್ನು ಮಾರಲು ಕೊಡುವ ಪ್ರಮಾಣಪತ್ರ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಉಳಿದ ಜಾಗದಲ್ಲಿ ಮೇಲೆ ಕಟ್ಟುವ ಯೋಚನೆ ಇದ್ದವರಿಗೆ ಅನುಕೂಲ, ಇಲ್ಲದವರಿಗೆ ಕೊಳ್ಳುವವರು ಸಿಕ್ಕಾಗಲೇ ಅದಕ್ಕೆ ಬೆಲೆ. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ಅಗಲೀಕರಣಕ್ಕೆ ಬೇಕಾದ ಅರಮನೆ ಮೈದಾನದ ಜಾಗದ ಟಿಡಿಆರ್ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋದದ್ದೇ ಈ ಹಕ್ಕಿನ ಬೆಲೆ ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ತೋರಿಸುತ್ತದೆ. ಪರಿಹಾರದ ರೂಪ ಲಿಖಿತವಾಗಿ ಖಚಿತವಾಗುವ ಮೊದಲು ಜಾಗವನ್ನು ಬಿಟ್ಟುಕೊಡುವ ಪರಿತ್ಯಾಜನಾ ಪತ್ರಕ್ಕೆ ಸಹಿ ಮಾಡಬೇಡಿ.

ಪ್ರಶ್ನೆ: ಜಮೀನು ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲಿದೆ. ನನ್ನ ಯಜಮಾನರೂ ಇಲ್ಲ. ಇಬ್ಬರು ಮಕ್ಕಳಿದ್ದಾರೆ. ರಸ್ತೆಗೆ ಹೋಗುವ ಭಾಗದ ಹಣ ತಮಗೇ ಬರುತ್ತದೆ, ನಿನಗೆ ಪಾಲಿಲ್ಲ ಎಂದು ಭಾವಂದಿರು ಹೇಳುತ್ತಿದ್ದಾರೆ. ನಾದಿನಿಯರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುತ್ತಿದ್ದಾರೆ.

ಉತ್ತರ: ನಿಮಗೆ ಪಾಲಿದೆ. ಯಜಮಾನರು ಮಾವನವರ ನಂತರ ತೀರಿಕೊಂಡಿದ್ದರೆ ಅವರ ಪಾಲು ನಿಮಗೂ ಮಕ್ಕಳಿಗೂ ಬರುತ್ತದೆ. ಮಾವನವರಿಗಿಂತ ಮೊದಲೇ ತೀರಿಕೊಂಡಿದ್ದರೂ, ಮೊದಲೇ ಮಡಿದ ಮಗನ ವಿಧವೆಯೂ ಮಕ್ಕಳೂ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲ ವರ್ಗದ ವಾರಸುದಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ ಎಂಬುದು 2005ರ ತಿದ್ದುಪಡಿಯಿಂದ ಬಂದದ್ದು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ನಿಮ್ಮ ನಾದಿನಿಯರಿಗೂ ಇದನ್ನು ಓದಿ ಹೇಳಿ. ಅವರು ಬಿಡುಗಡೆ ಪತ್ರ ಬರೆದುಕೊಟ್ಟರೂ ಬಿಡುವುದು ಅವರ ಪಾಲನ್ನು ಮಾತ್ರ, ನಿಮ್ಮದನ್ನಲ್ಲ.

ನೀವು ಮಾಡಬೇಕಾದ ಮೊದಲ ಕೆಲಸ, ವಿಶೇಷ ಭೂಸ್ವಾಧೀನಾಧಿಕಾರಿಗೆ ಒಂದು ತಕರಾರು ಅರ್ಜಿ. ಸರ್ವೆ ನಂಬರ್, ಮಾವನವರ ಮತ್ತು ಯಜಮಾನರ ಮರಣ ಪ್ರಮಾಣಪತ್ರ, ನಿಮ್ಮ ಮತ್ತು ಮಕ್ಕಳ ಹೆಸರಿರುವ ವಂಶವೃಕ್ಷ ಇಷ್ಟನ್ನು ಲಗತ್ತಿಸಿ, "ನಮ್ಮ ಪಾಲು ತೀರ್ಮಾನವಾಗದೆ ಯಾರಿಗೂ ಹಣ ಪಾವತಿಸಬಾರದು" ಎಂದು ಬರೆಯಿರಿ. ಪಾಲಿನ ಬಗ್ಗೆ ತಕರಾರು ಬಂದಾಗ ಅಧಿಕಾರಿ ಅದನ್ನು ಹೆದ್ದಾರಿ ಕಾಯ್ದೆಯ 3ಎಚ್(4) ಉಪಕಲಮಿನಂತೆ ಸಿವಿಲ್ ನ್ಯಾಯಾಲಯದ ತೀರ್ಮಾನಕ್ಕೆ ಕಳುಹಿಸಬೇಕು. ಹಣ ಒಮ್ಮೆ ಬೇರೆಯವರ ಖಾತೆಗೆ ಹೋದ ಮೇಲೆ ದಾವೆ ಹೂಡಿ ವಾಪಸು ಪಡೆಯುವುದಕ್ಕಿಂತ ಇದು ಎಷ್ಟೋ ಸುಲಭ. ಇದರ ಜೊತೆಯಲ್ಲೇ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಕೊಡಿ. ಭಾವಂದಿರು ತಯಾರಿಸಿದ ವಂಶವೃಕ್ಷವಿದ್ದರೆ ಅದರಲ್ಲಿ ನಿಮ್ಮ ಮಕ್ಕಳ ಹೆಸರು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ತಹಶೀಲ್ದಾರರಿಗೆ ಅಂದೇ ಆಕ್ಷೇಪಣೆ ಸಲ್ಲಿಸಿ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಆಧಾರ್ ಮತ್ತು ಪಹಣಿಯ ಪ್ರತಿ ಹಿಡಿದುಕೊಂಡು ಈ ವಾರವೇ ಅಲ್ಲಿಗೆ ಹೋಗಿ.